ಹಳೇ ಪಿಕಪ್‌ನ ಗೇರ್‌ಬಾಕ್ಸ್, ಕ್ರೌನ್ ಆಯಿಲ್: ಚೆಲ್ಲುವ ಮೊದಲು ದೋಷ ಪತ್ತೆ ಹಚ್ಚಿ

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡವರು ಮೊದಲ ವಾರವೇ ಗ್ಯಾರೇಜಿಗೆ ಹೋಗಿ ಹೇಳುವ ಮಾತು ಒಂದೇ: "ಎಲ್ಲಾ ಆಯಿಲ್ ಚೇಂಜ್ ಮಾಡಿಬಿಡಿ." ಸಂಜೆ ಗಾಡಿ ವಾಪಸ್ ಬರುತ್ತದೆ. ಹಳೆ ಆಯಿಲ್ ಅಷ್ಟೊತ್ತಿಗೆ ಗ್ಯಾರೇಜಿನ ಡ್ರಮ್ಮು ಸೇರಿರುತ್ತದೆ. ಹದಿನೈದು ದಿನ ಬಿಟ್ಟು ಹಿಂದಿನಿಂದ ಕುಂಯ್ ಅನ್ನುವ ಸದ್ದು ಕೇಳಿದರೆ ಶುರು ತಲೆನೋವು. ಇದು ಮೊದಲೇ ಇತ್ತಾ? ಈಗ ಬಂತಾ? ಹಾಕಿದ ಆಯಿಲ್ಲೇ ತಪ್ಪಾ? ಉತ್ತರ ಹೇಳಬೇಕಾಗಿದ್ದ ಸಾಕ್ಷಿಯನ್ನು ನಾವೇ ಡ್ರಮ್ಮಿಗೆ ಸುರಿಸಿರುತ್ತೇವೆ.

ಆಯಿಲ್ ಬದಲಾಯಿಸುವುದು ಸರ್ವಿಸ್ ಕೆಲಸ, ನಿಜ. ಆದರೆ ಹಳೇ ಗಾಡಿಯಲ್ಲಿ ಮೊದಲ ಸಲ ಬದಲಾಯಿಸುವಾಗ ಅದು ತಪಾಸಣೆಯೂ ಹೌದು. ಹಾಗಾಗಿ ಮೊದಲು ಓಡಿಸಿ ಕೇಳಬೇಕು, ಆಮೇಲೆ ಅಡಿಗೆ ಹೋಗಿ ನೋಡಬೇಕು, ಬೋಲ್ಟ್ ಬಿಚ್ಚುವುದು ಕೊನೆಗೆ.

ಇಲ್ಲಿ ನಾನು ಹೇಳುವುದು ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ, ಬೇಕಾದಾಗ ಮುಂದಿನ ಚಕ್ರಕ್ಕೂ ಕೊಡುವ ಮ್ಯಾನ್ಯುಯಲ್ ಗೇರ್ ಗಾಡಿಗಳ ಬಗ್ಗೆ. ಬೊಲೆರೊ ಕ್ಯಾಂಪರ್, ಜೆನಾನ್, ಡಿ-ಮ್ಯಾಕ್ಸ್ ಥರದವುಗಳ ಫೋರ್ ವೀಲ್ ಡ್ರೈವ್ ಮಾದರಿಗಳು. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ತೋಟಗಳಲ್ಲಿ ದುಡಿದು ದುಡಿದು ಕೈ ಬದಲಾಗುವ ಗಾಡಿಗಳು ಇವೇ. ಇವುಗಳಲ್ಲಿ ಆಯಿಲ್ ಇರುವ ಪೆಟ್ಟಿಗೆ ನಾಲ್ಕು: ಗೇರ್‌ಬಾಕ್ಸ್, ಅದರ ಬೆನ್ನಿಗೆ ಓಟವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಹಿಂದಿನ ಕ್ರೌನ್ ಹೌಸಿಂಗ್ (ಶಾಫ್ಟಿನ ಓಟವನ್ನು ಚಕ್ರಗಳ ಕಡೆ ತಿರುಗಿಸುವ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್, ಇರುವ ಪೆಟ್ಟಿಗೆ), ಮುಂದಿನ ಕ್ರೌನ್ ಹೌಸಿಂಗ್. ಟೂ ವೀಲ್ ಡ್ರೈವ್ ಆದರೆ ಗೇರ್‌ಬಾಕ್ಸ್ ಮತ್ತು ಹಿಂದಿನ ಕ್ರೌನ್, ಎರಡೇ.

ಮೊದಲು ಓಡಿಸಿ, ಕೇಳಿ

ಸದ್ದಿಲ್ಲದ, ಸಮತಟ್ಟಾದ ಟಾರು ರಸ್ತೆ ಹುಡುಕಿ. ಸ್ಟೀರಿಯೋ ಬಂದ್, ಫ್ಯಾನ್ ಬಂದ್, ಕಿಟಕಿ ಒಂದು ಸಲ ಇಳಿಸಿ, ಒಂದು ಸಲ ಏರಿಸಿ. ಹಿಂದೆ ಖಾಲಿ ಡಬ್ಬ, ಸರಪಳಿ, ಜಾಕಿ ಏನಿದ್ದರೂ ತೆಗೆದಿಡಿ. ಇಲ್ಲದಿದ್ದರೆ ಕ್ರೌನ್ ಸದ್ದು ಅಂತ ಹುಡುಕಿದ್ದು ಕೊನೆಗೆ ಜಾಕಿ ಹ್ಯಾಂಡಲ್ ಆಗಿರುತ್ತದೆ.

ಗಾಡಿ ನಿಂತಿರುವಾಗಲೇ ಒಂದು ಪರೀಕ್ಷೆ ಇದೆ. ಎಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್‌ನಿಂದ ಕಾಲು ತೆಗೆಯಿರಿ. ಗರಗರ ಸದ್ದು ಬರುತ್ತಿದ್ದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಅನುಮಾನ ಗೇರ್‌ಬಾಕ್ಸ್‌ನ ಮುಂದಿನ ಬೇರಿಂಗ್ ಅಥವಾ ಲೇ ಶಾಫ್ಟ್ (ಬಾಕ್ಸಿನೊಳಗೆ ಕೆಳಗಿರುವ ಎರಡನೇ ಶಾಫ್ಟ್) ಬೇರಿಂಗ್ ಮೇಲೆ. ತಿರುಗುಮುರುಗಾಗಿ, ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಎರಡನೆಯದಕ್ಕೂ ಗೇರ್ ಆಯಿಲ್‌ಗೂ ಸಂಬಂಧವೇ ಇಲ್ಲ. ಎಷ್ಟು ದುಬಾರಿ ಆಯಿಲ್ ಹಾಕಿದರೂ ಅದು ಹಾಗೇ ಇರುತ್ತದೆ.

ಈಗ ಓಡಿಸಿ. ಒಂದೊಂದು ಗೇರಿನಲ್ಲೂ ಸ್ವಲ್ಪ ದೂರ ಎಳೆಯಿರಿ. ಈ ಥರದ ಐದು ಗೇರಿನ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕನೇ ಗೇರ್ ನೇರ ಓಟ. ಅಂದರೆ ಎಂಜಿನ್ನಿನ ಬಲ ಲೇ ಶಾಫ್ಟಿಗೆ ಇಳಿಯದೆ ಸೀದಾ ಹಿಂದಕ್ಕೆ ಹೋಗುತ್ತದೆ. ಲೇ ಶಾಫ್ಟ್ ಸುಮ್ನೆ ತಿರುಗುತ್ತಿರುತ್ತದೆ, ಹೊರೆ ಇರುವುದಿಲ್ಲ. ಹಾಗಾಗಿ ಒಂದು, ಎರಡು, ಮೂರು, ಐದರಲ್ಲಿ ಗೊರಗುಟ್ಟುವ ಬಾಕ್ಸ್ ನಾಲ್ಕರಲ್ಲಿ ಮಾತ್ರ ತಣ್ಣಗಾದರೆ ಲೇ ಶಾಫ್ಟ್ ಕಡೆ ಬೆರಳು ತೋರಿಸಬಹುದು. ಎಲ್ಲಾ ಗೇರಿನಲ್ಲೂ ಒಂದೇ ಸಮ ಸದ್ದಿದ್ದರೆ, ಸದ್ದು ಗೇರಿಗೆ ಬದಲಾಗದೆ ಗಾಡಿಯ ವೇಗಕ್ಕೆ ಮಾತ್ರ ಏರಿಳಿದರೆ, ಗೇರ್‌ಬಾಕ್ಸ್ ಬಿಟ್ಟು ಹಿಂದಕ್ಕೆ ನಡೆಯಿರಿ.

ಹಿಂದಿನ ಕ್ರೌನ್ ಕೇಳಲು ವೇಗ 50-60ರಲ್ಲಿಟ್ಟು ಆಕ್ಸಿಲರೇಟರ್ ಜೊತೆ ಆಟ ಆಡಬೇಕು. ಒತ್ತಿದಾಗ ಕುಂಯ್ ಎಂದು ಕೂಗಿ, ಬಿಟ್ಟಾಗ ನಿಂತರೆ, ಅಥವಾ ಬಿಟ್ಟಾಗ ಮಾತ್ರ ಕೂಗಿದರೆ, ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್, ಇವೆರಡರ ಹಲ್ಲುಗಳ ಹೊಂದಾಣಿಕೆ ಕೆಟ್ಟಿದೆ ಅಂತ ಅರ್ಥ. ಒತ್ತಿದರೂ ಬಿಟ್ಟರೂ ಒಂದೇ ಥರ ಗುರುಗುಡುತ್ತಿದ್ದರೆ ಬೇರಿಂಗ್. ಅದರಲ್ಲೂ ಪಿನಿಯನ್ ಬೇರಿಂಗ್ ಸದ್ದು ಸಣ್ಣ ದನಿಯದ್ದು, ಯಾಕೆಂದರೆ ಪಿನಿಯನ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಚಕ್ರದ ಬೇರಿಂಗ್ ಆದರೆ ದಪ್ಪ ದನಿ, ಆಕ್ಸಿಲರೇಟರ್‌ಗೆ ಬಗ್ಗುವುದಿಲ್ಲ, ಆದರೆ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ಒಲೆದಾಗ ಸದ್ದು ಏರಿಳಿಯುತ್ತದೆ. ನೇರ ಹೋಗುವಾಗ ಸುಮ್ಮನಿದ್ದು, ಒಂದೇ ಕಡೆ ಬಿಗಿಯಾಗಿ ತಿರುಗಿಸುವಾಗ ಮಾತ್ರ ಕಟಕಟ ಅಂದರೆ ಕ್ರೌನ್ ಒಳಗಿನ ಸ್ಟಾರ್ ಗೇರುಗಳನ್ನು (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಣ್ಣ ಗೇರುಗಳು) ನೋಡಬೇಕು.

ಇದೆಲ್ಲಕ್ಕಿಂತ ಮೊದಲು ಟೈರ್ ನೋಡಿ! ತೋಟದ ಗಾಡಿಗೆ ದೊಡ್ಡ ಗುಬ್ಬಿಯ ಮಡ್ ಟೈರ್ ಹಾಕಿರುತ್ತಾರೆ. ಟಾರಿನ ಮೇಲೆ ಅದು ಕೆಟ್ಟ ಬೇರಿಂಗ್‌ನಂತೆಯೇ ಗುಂಯ್‌ಗುಡುತ್ತದೆ. ನಯವಾದ ಟಾರಿನಿಂದ ಒರಟು ರಸ್ತೆಗೆ ಹೋದಾಗ ದನಿ ಬದಲಾದರೆ ಅದು ಟೈರೇ.

ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿ ಕ್ಲಚ್ ಬಿಡುವಾಗ ಅಡಿಯಲ್ಲಿ "ಟಕ್" ಅನ್ನುವುದು ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸ್ ಕಡೆಯಿಂದ ಕ್ರೌನಿಗೆ ಹೋಗುವ ಉದ್ದ ಶಾಫ್ಟ್) ತುದಿಯ ಕೀಲು, ಅಂದರೆ ಕ್ರಾಸ್. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಅಡಿಗೆ ಹೋಗಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುವಿ. ಕ್ರಾಸಿನ ತುದಿಯ ಬೇರಿಂಗ್ ಕಪ್‌ನಲ್ಲಿ ಸಡಿಲವಿದ್ದರೆ ಕಣ್ಣಿಗೇ ಕಾಣುತ್ತದೆ. ಆ ಕಪ್‌ನ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಗ್ರೀಸ್ ಕಾಣದೆ ಬಹಳ ಕಾಲವಾಗಿದೆ. ಇದು ಕಡಿಮೆ ಖರ್ಚಿನ ಕೆಲಸ, ಮೊದಲು ಇದನ್ನೇ ಮುಗಿಸಿ. ಎಷ್ಟೋ "ಕ್ರೌನ್ ಹೋಗಿದೆ" ಅನ್ನುವ ತೀರ್ಪುಗಳು ಒಂದು ಕ್ರಾಸ್ ಬದಲಾಯಿಸಿದ ಮೇಲೆ ರದ್ದಾಗಿವೆ.

ಇನ್ನು ಫೋರ್ ವೀಲ್. ಹಳೆ ಗಾಡಿ ಕೊಂಡವರು ಟಾರು ರಸ್ತೆಯಲ್ಲೇ 4ಎಚ್ (ನಾಲ್ಕೂ ಚಕ್ರಕ್ಕೆ ಓಟ, ಮಾಮೂಲಿ ವೇಗದಲ್ಲಿ) ಹಾಕಿ, ಒಂದು ಯು ಟರ್ನ್ ಹೊಡೆದು, "ಗಾಡಿ ಜಗ್ಗುತ್ತಿದೆ, ಬ್ರೇಕ್ ಹಿಡಿದ ಹಾಗಿದೆ, ಮುಂದಿನ ಕ್ರೌನ್ ಜಾಮ್ ಆಗಿದೆ" ಅನ್ನುತ್ತಾರೆ. ಜಾಮ್ ಅಲ್ಲ. ಈ ಪಾರ್ಟ್ ಟೈಮ್ ಟ್ರಾನ್ಸ್‌ಫರ್ ಕೇಸ್‌ಗಳಲ್ಲಿ ಹಿಂದಿನ ಮುಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ (ಎರಡೂ ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಒಣ ಟಾರಿನಲ್ಲಿ ಜಾರುವುದಿಲ್ಲ, ಅದಕ್ಕೇ ಜಗ್ಗುತ್ತದೆ. ಅದು ಗಾಡಿಯ ಗುಣ, ದೋಷವಲ್ಲ. 4ಎಚ್ ಮತ್ತು 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಓಟ) ಪರೀಕ್ಷೆಯನ್ನು ಮಣ್ಣಿನ ರಸ್ತೆಯಲ್ಲಿ ಮಾಡಿ. ಟೂ ವೀಲ್‌ನಲ್ಲಿ ಇಲ್ಲದ ಸದ್ದು ಅಲ್ಲಿ ಬಂದರೆ ಮುಂದಿನ ಕ್ರೌನ್ ಅಥವಾ ಟ್ರಾನ್ಸ್‌ಫರ್ ಕೇಸ್. ಹೊರೆ ಕೊಟ್ಟಾಗ ಟ್ರಾನ್ಸ್‌ಫರ್ ಕೇಸಿನೊಳಗೆ "ಡಕ್ ಡಕ್" ಎಂದು ಹಾರಿದಂತೆ ಆದರೆ, ಅದು ಚೈನ್ ಇರುವ ಕೇಸ್ ಆಗಿದ್ದರೆ, ಚೈನ್ ಸಡಿಲವಾಗಿ ಹಲ್ಲು ಹಾರುತ್ತಿದೆ.

ಕೇಳಿದ್ದೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಗೇರ್, ಎಷ್ಟು ವೇಗ, ಒತ್ತಿದಾಗಲೋ ಬಿಟ್ಟಾಗಲೋ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆಯಿಲ್ ಹಾಕಿದ ಮೇಲೆ ಹೋಲಿಸಿ ನೋಡುವುದಕ್ಕೆ ಇದೇ ಆಧಾರ.

ಅಡಿಗೆ ಹೋಗಿ: ಸೋರಿಕೆಯ ಮೂಲ

ಸೋರುವ ಜಾಗ ಮತ್ತು ತೊಟ್ಟಿಕ್ಕುವ ಜಾಗ ಬೇರೆ ಬೇರೆ. ಓಡುವಾಗ ಗಾಳಿ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಬಿಂದು ಹುಡುಕಬೇಕು. ಮಣ್ಣು ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಹುಡುಕಿ ಪ್ರಯೋಜನವಿಲ್ಲ. ಕೆರೆದು, ಡೀಸೆಲ್ ಹಚ್ಚಿ ತೊಳೆದು, ಒಣಗಿಸಿ, ಒಂದು ಸುತ್ತು ಓಡಿಸಿ, ಆಮೇಲೆ ನೋಡಿ.

ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರುವ ಕಡೆ ಅಡಿಯಿಂದ ತೊಟ್ಟಿಕ್ಕಿದರೆ ಎರಡು ಸಾಧ್ಯತೆ: ಎಂಜಿನ್ನಿನ ಹಿಂದಿನ ಸೀಲ್ (ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರ), ಇಲ್ಲ ಗೇರ್‌ಬಾಕ್ಸ್‌ನ ಮುಂದಿನ ಸೀಲ್. ಮೂಗೇ ಇಲ್ಲಿ ಮೀಟರ್. ಗೇರ್ ಆಯಿಲ್‌ಗೆ ಗಂಧಕದ, ಕೊಳೆತ ಮೊಟ್ಟೆಯಂಥ ಘಾಟು ಇರುತ್ತದೆ. ಡೀಸೆಲ್ ಎಂಜಿನ್ ಆಯಿಲ್ ಕಪ್ಪಗೆ ಮಸಿಯಂತೆ ಬೆರಳಿಗೆ ಹತ್ತುತ್ತದೆ, ಆ ವಾಸನೆ ಇರುವುದಿಲ್ಲ. ಗೇರ್‌ಬಾಕ್ಸ್ ಇಳಿಸುವುದು ಎರಡಕ್ಕೂ ಬೇಕು. ಇಳಿಸಿದ ಮೇಲೆ ಎರಡೂ ಸೀಲ್ ಬದಲಾಯಿಸಿಬಿಡುವುದೇ ಜಾಣತನ.

ಹಿಂದಿನ ಚಕ್ರದ ಒಳಮೈ, ಬ್ರೇಕ್ ಪ್ಲೇಟಿನ ಕೆಳಭಾಗ ಒದ್ದೆಯಾಗಿದ್ದರೆ ಆಕ್ಸಲ್ ಸೀಲ್ ಹೋಗಿ ಕ್ರೌನ್ ಆಯಿಲ್ ಬ್ರೇಕ್ ಡ್ರಮ್ಮಿನೊಳಗೆ ಬರುತ್ತಿದೆ. ಇದನ್ನು ಮಾತ್ರ ಮುಂದೂಡಬೇಡಿ. ಆಯಿಲ್ ಕುಡಿದ ಬ್ರೇಕ್ ಲೈನರ್ ತೊಳೆದರೆ ಸರಿಹೋಗುವುದಿಲ್ಲ, ಬದಲಾಯಿಸಲೇಬೇಕು. ಲೋಡ್ ಇಟ್ಟುಕೊಂಡು ಶಿರಾಡಿ ಘಾಟಿ ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಇಲ್ಲೊಂದು ಪುಟ್ಟ ಭಾಗಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡುತ್ತೇನೆ: ಬ್ರೀದರ್. ಹೌಸಿಂಗಿನ ಮೇಲೆ ಬೆರಳಿನ ತುದಿಯಷ್ಟು ದೊಡ್ಡ ಟೊಪ್ಪಿ, ಕೆಲವು ಗಾಡಿಯಲ್ಲಿ ಅದಕ್ಕೊಂದು ರಬ್ಬರ್ ಪೈಪು. ಓಡುವಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಅದು ಹೊರಗೆ ಹೋಗಲು ಇರುವ ದಾರಿ ಇದೊಂದೇ. ಕೆಸರು ತುಂಬಿ ಮುಚ್ಚಿಹೋದರೆ ಒಳಗಿನ ಒತ್ತಡ ಆಯಿಲ್ಲನ್ನು ಸೀಲಿನ ತುಟಿಯಿಂದ ಹೊರಗೆ ತಳ್ಳುತ್ತದೆ. ಹೊಸ ಸೀಲಾದರೂ ಅಷ್ಟೇ.

ನಮ್ಮ ಕಡೆಯ ಒಂದು ತೋಟದ ಗಾಡಿಗೆ ಪಿನಿಯನ್ ಸೀಲ್ ಮೇಲಿಂದ ಮೇಲೆ ಹಾಕಿಸುತ್ತಿದ್ದರು. "ಡೂಪ್ಲಿಕೇಟ್ ಸೀಲ್ ಕೊಡ್ತಿದ್ದಾರೆ ಕಣಣ್ಣಾ, ಅಂಗಡಿ ಬದಲಾಯಿಸಿ ನೋಡೋಣ" ಅಂತ ಡ್ರೈವರ್. ಸೀಲ್ ನೋಡಿದರೆ ತುಟಿ ಚೆನ್ನಾಗಿಯೇ ಇತ್ತು. ಬ್ರೀದರ್ ಎಲ್ಲಿ ಅಂತ ಕೇಳಿದರೆ ಅವನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಹೌಸಿಂಗಿನ ಮೇಲೆ ಒಣಗಿದ ಕೆಂಪು ಮಣ್ಣಿನ ಗಡ್ಡೆ ಕೂತಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದಾಗ ಅಡಿಯಲ್ಲಿ ಟೊಪ್ಪಿ ಸಿಕ್ಕಿತು. ಅದನ್ನು ಸಡಿಲಿಸಿದ್ದೇ ತಡ, ಪುಸ್ ಎಂದು ಗಾಳಿ ಬಂತು. ಗಾಡಿ ಆಗತಾನೆ ಓಡಿ ಬಂದಿತ್ತು. ಆಮೇಲೆ ಹಾಕಿದ ಸೀಲ್ ಒಣಗಿಯೇ ಇದೆ.

ಇದೇ ಬ್ರೀದರ್ ಹಳ್ಳ ದಾಟುವಾಗ ತಿರುಗಿ ಕೈಕೊಡುತ್ತದೆ. ಘಾಟಿ ಹತ್ತಿ ಕಾದ ಹೌಸಿಂಗ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರು, ತೆರೆದಿದ್ದು ನೀರಿನೊಳಗೆ ಮುಳುಗಿದ್ದರೆ ಅದರಿಂದಲೇ ನೀರು. ಪರಿಹಾರ ಸುಲಭ: ಆಯಿಲ್ ತಡೆಯುವ ರಬ್ಬರ್ ಪೈಪು ಹಾಕಿ ಬ್ರೀದರನ್ನು ಛಾಸಿಗಿಂತ ಮೇಲಕ್ಕೆ ಒಯ್ದು ಕಟ್ಟಿ, ತುದಿ ಕೆಳಮುಖವಾಗಿರಲಿ. ಸ್ಪ್ರಿಂಗ್ ಕುಣಿದಾಗ ಎಳೆಯದಷ್ಟು ಉದ್ದ ಬಿಡಿ.

ಬಿಚ್ಚುವ ಕ್ರಮ

ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬೆಚ್ಚಗಿರಲಿ, ಸುಡುವಷ್ಟು ಬೇಡ. ಸಮತಟ್ಟಾದ ಜಾಗ, ಇಲ್ಲ ಗುಂಡಿ ಇರುವ ಶೆಡ್. ಜಾಕಿ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ, ಇಟ್ಟಿಗೆ ಜೋಡಿಸಿಯೂ ಬೇಡ. ಸ್ಟ್ಯಾಂಡ್ ಬೇಕೇ ಬೇಕು. ಎತ್ತುವುದಾದರೆ ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ ಎತ್ತಬೇಕು, ಇಲ್ಲದಿದ್ದರೆ ಲೆವೆಲ್ ನೋಡಿದ್ದು ಸುಳ್ಳಾಗುತ್ತದೆ.

ಮೊದಲು ಬಿಚ್ಚಬೇಕಾದ್ದು ಆಯಿಲ್ ತುಂಬುವ ಮೇಲಿನ ಫಿಲ್ಲರ್ ಬೋಲ್ಟ್. ಇಳಿಸುವ ಕೆಳಗಿನ ಡ್ರೈನ್ ಬೋಲ್ಟ್ ಅಲ್ಲ! ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬಿಚ್ಚಲೇ ಬರದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಹಳೇ ಗಾಡಿಯಲ್ಲಿ ಇದು ಅಪರೂಪವಲ್ಲ. ಬೋಲ್ಟಿಗೆ ಸರಿಯಾಗಿ ಕೂರುವ ಪಾನಾ ಇಲ್ಲದೆ ಮುಟ್ಟಬೇಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟು, ಸುತ್ತಿಗೆಯಲ್ಲಿ ಬೋಲ್ಟಿನ ತಲೆಗೆ ಎರಡೇಟು ಕೊಟ್ಟು ಆಮೇಲೆ ಪ್ರಯತ್ನಿಸಿ.

ಫಿಲ್ಲರ್ ಬಿಚ್ಚಿದ ಕೂಡಲೇ ಬೆರಳು ಹಾಕಿ ನೋಡಿ. ಸಾಮಾನ್ಯವಾಗಿ ತೂತಿನ ಕೆಳ ಅಂಚಿಗೆ ಆಯಿಲ್ ತಾಗುತ್ತಿರಬೇಕು. ನಾಲ್ಕೂ ಪೆಟ್ಟಿಗೆಯ ಲೆವೆಲ್ ಮೊದಲು ನೋಡಿ, ಬರೆದುಕೊಳ್ಳಿ, ಆಮೇಲೆ ಒಂದೊಂದಾಗಿ ಇಳಿಸಿ. ಈ ಕ್ರಮಕ್ಕೆ ಕಾರಣ ಇದೆ. ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಕಡಿಮೆ, ಹೊರಗೆ ಎಲ್ಲೂ ಸೋರಿಲ್ಲ, ಟ್ರಾನ್ಸ್‌ಫರ್ ಕೇಸ್ ಫಿಲ್ಲರ್ ಬಿಚ್ಚಿದರೆ ಆಯಿಲ್ ಧಾರೆಯಾಗಿ ಬರುತ್ತದೆ. ಅಂದರೆ ಎರಡರ ನಡುವಿನ ಸೀಲ್ ಹೋಗಿ ಒಂದರದ್ದು ಇನ್ನೊಂದಕ್ಕೆ ಹೋಗುತ್ತಿದೆ. ಗೇರ್‌ಬಾಕ್ಸ್ ಒಣಗಿ ಬೇರಿಂಗ್ ಸುಡುವವರೆಗೂ ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ! ಲೆವೆಲ್ ನೋಡದೆ ಎರಡನ್ನೂ ಇಳಿಸಿ ಹೊಸದು ತುಂಬಿದರೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಹಳ್ಳ ದಾಟಿದ ಗಾಡಿಗೆ ಇನ್ನೊಂದು ಉಪಾಯ. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಅಲುಗಾಡಿಸದೆ ಡ್ರೈನ್ ಬೋಲ್ಟ್ ಸ್ವಲ್ಪವೇ ಸಡಿಲಿಸಿ. ನೀರು ಆಯಿಲ್ಲಿಗಿಂತ ಭಾರ, ತಳಕ್ಕೆ ಕೂತಿರುತ್ತದೆ. ಮೊದಲ ಹನಿಗಳು ನೀರಾದರೆ ಅನುಮಾನವೇ ಬೇಡ.

ಹಳೆ ಆಯಿಲ್ ಏನು ಹೇಳುತ್ತದೆ

ನಾಲ್ಕು ಪೆಟ್ಟಿಗೆಗೆ ನಾಲ್ಕು ಡಬ್ಬ, ಮೇಲೆ ಹೆಸರು. ಒಂದೇ ಬೇಸಿನ್ನಿಗೆ ಸುರಿದರೆ ಯಾವ ಚೂರು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ. ಬಿಳಿ ತಟ್ಟೆಗೆ ಸ್ವಲ್ಪ ತೆಗೆದು ಬಿಸಿಲಿಗೆ ಹಿಡಿದು ಓಲಾಡಿಸಿ. ಉಳಿದದ್ದನ್ನು ಹಳೆ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ. ಒಂದು ಅಯಸ್ಕಾಂತ ಹತ್ತಿರ ಇರಲಿ.

ಕಂದು, ಕಡುಕಂದು ಬಣ್ಣ, ಮಾಮೂಲಿ ಗಂಧಕದ ವಾಸನೆ: ಹಳೆಯದಾಗಿದೆ ಅಷ್ಟೇ. ಹಾಲು ಹಾಕಿದ ಕಾಫಿಯ ಬಣ್ಣ: ನೀರು ಸೇರಿದೆ. ಸುಟ್ಟ ವಾಸನೆಯ ಕಪ್ಪು: ಆಯಿಲ್ ಕಡಿಮೆಯಾಗಿ ಓಡಿದೆ, ಅಥವಾ ಮಿತಿ ಮೀರಿದ ಲೋಡ್ ಎಳೆದಿದೆ.

ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ಪೇಸ್ಟ್ ಮೆತ್ತಿರುತ್ತದೆ. ಅದನ್ನು ನೋಡಿ ಹೆದರಬೇಡಿ. ಹಲ್ಲಿಗೆ ಹಲ್ಲು ಉಜ್ಜಿ ಓಡುವ ಪೆಟ್ಟಿಗೆಯಲ್ಲಿ ಅಷ್ಟು ಬಂದೇ ಬರುತ್ತದೆ. ಎರಡು ಬೆರಳಿನ ನಡುವೆ ತಿಕ್ಕಿ ನೋಡಿ. ಬೆಣ್ಣೆಯಂತೆ ನುಣ್ಣಗಿದ್ದರೆ ಸರಿ. ಮರಳಿನಂತೆ ಕರಕರ ಅಂದರೆ ಒಳಗೇನೋ ಉದುರುತ್ತಿದೆ.

ಚೂರುಗಳ ಆಕಾರಕ್ಕೂ ಅರ್ಥವಿದೆ. ತೆಳ್ಳನೆ ಹೊಳೆಯುವ ಹಾಳೆಯಂಥ ಚೂರು, ಅಯಸ್ಕಾಂತಕ್ಕೆ ಹತ್ತುವಂಥದ್ದು, ಬೇರಿಂಗಿನ ಮೈ ಪದರ ಬಿಟ್ಟು ಏಳುತ್ತಿರುವ ಗುರುತು. ದಪ್ಪನೆ, ಒಂದು ಕಡೆ ಮುರಿದ ಅಂಚಿರುವ ತುಂಡು ಹೆಚ್ಚಾಗಿ ಹಲ್ಲಿನ ತುದಿ. ಅಯಸ್ಕಾಂತಕ್ಕೆ ಹತ್ತದ ಚಿನ್ನದ ಬಣ್ಣದ ಮಿನುಗು ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಕಂಡರೆ ಅದು ಹಿತ್ತಾಳೆಯ ಸಿಂಕ್ರೋ ರಿಂಗ್ (ಗೇರ್ ಬೀಳುವ ಮೊದಲು ಎರಡರ ವೇಗ ಸಮ ಮಾಡುವ ಉಂಗುರ) ಸವೆದ ಪುಡಿ. ಸ್ವಲ್ಪ ಮಿನುಗು ವಯಸ್ಸಿನದ್ದು. ಆದರೆ ಜೊತೆಗೆ ಎರಡನೇ, ಮೂರನೇ ಗೇರ್ ಹಾಕುವಾಗ ಕರ್ ಅನ್ನುತ್ತಿದ್ದರೆ ರಿಂಗ್ ಸವೆದಿದೆ ಎಂದೇ ಲೆಕ್ಕ. ಒಂದೇ ಗೇರಲ್ಲ, ಎಲ್ಲವೂ ಕರಕರ ಅಂದು, ರಿವರ್ಸ್ ಬಹಳ ಜಾಸ್ತಿ ಅಂದರೆ ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯಾ ನೋಡಿ. ತಪ್ಪು ಗೇರ್‌ಬಾಕ್ಸಿನದ್ದಲ್ಲದೆ ಇರಬಹುದು.

ಇನ್ನೊಂದು, ಮಾರುವವರ ಕೈಚಳಕ. ಸದ್ದು ಮಾಡುವ ಕ್ರೌನಿಗೆ 140 ನಂಬರಿನ ಗಟ್ಟಿ ಆಯಿಲ್ ತುಂಬಿದರೆ ಕೂಗು ಕೆಲ ಕಾಲ ತಗ್ಗುತ್ತದೆ. ಮರದ ಹೊಟ್ಟು ಹಾಕುವ ಹಳೇ ವಿದ್ಯೆಯೂ ಉಂಟು. ಇಳಿಸುವಾಗ ಆಯಿಲ್ ಜೋನಿಬೆಲ್ಲದ ಹಾಗೆ ದಾರವಾಗಿ ಬಂದರೆ, ಪಂಚೆಯ ಮೇಲೆ ನಾರು ಉಳಿದರೆ, ಸರಿಯಾದ ಆಯಿಲ್ ತುಂಬಿದ ಮೇಲೆ ಸದ್ದು ಜಾಸ್ತಿಯಾಗುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಆಗ ಹೊಸ ಆಯಿಲ್ಲನ್ನು ಬೈಯಬೇಡಿ.

ನೀರು ಸೇರಿದ ಹೌಸಿಂಗ್ ಒಂದೇ ಸಲ ಇಳಿಸಿದರೆ ಶುದ್ಧವಾಗುವುದಿಲ್ಲ. ಅದೇ ಗ್ರೇಡಿನ ಅಗ್ಗದ ಆಯಿಲ್ ತುಂಬಿ, ಸ್ವಲ್ಪ ದೂರ ಓಡಿಸಿ, ಬಿಸಿ ಇರುವಾಗಲೇ ಇಳಿಸಿ, ಆಮೇಲೆ ಒಳ್ಳೆಯದು ತುಂಬಿ. ಡೀಸೆಲ್ ಹಾಕಿ ತೊಳೆಯುವ ರೂಢಿ ಇದೆ. ನನಗೆ ಇಷ್ಟವಿಲ್ಲ. ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಆಯಿಲ್ಲನ್ನು ತೆಳ್ಳಗೆ ಮಾಡುತ್ತದೆ.

ಯಾವುದಕ್ಕೆ ಯಾವ ಆಯಿಲ್

ಹಳೇ ಪಿಕಪ್‌ಗಳ ಅರ್ಧ ರೋಗ ಇಲ್ಲಿಯದು. ಗ್ಯಾರೇಜಿನಲ್ಲಿ "ನೈಂಟಿ ಆಯಿಲ್" ಅಂತ ಒಂದು ಡ್ರಮ್ ಇರುತ್ತದೆ, ನಾಲ್ಕೂ ಪೆಟ್ಟಿಗೆಗೆ ಅದೇ. 90 ಅನ್ನುವುದು ಎಷ್ಟು ಗಟ್ಟಿ ಎಂದು ಮಾತ್ರ ಹೇಳುತ್ತದೆ. ಡಬ್ಬದ ಮೇಲಿನ ಜಿಎಲ್-4, ಜಿಎಲ್-5 ಎಂಬ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆ ಅಷ್ಟೇ ಮುಖ್ಯ.

ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಬರೀ ಉರುಳುವುದಿಲ್ಲ, ಭಾರೀ ಒತ್ತಡದಲ್ಲಿ ಜಾರುತ್ತವೆ. ಅದಕ್ಕೆ ಗಂಧಕ, ರಂಜಕದ ಅಂಶ ಜಾಸ್ತಿ ಇರುವ ಜಿಎಲ್-5 ಬೇಕು. ಹಿತ್ತಾಳೆಯ ಸಿಂಕ್ರೋ ರಿಂಗ್ ಇರುವ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಹೇಳುವುದು ಜಿಎಲ್-4. ಜಿಎಲ್-5ರ ಆ ಅಂಶಗಳು ಕೆಲವು ಸಲ ಹಿತ್ತಾಳೆಯನ್ನು ತಿನ್ನುತ್ತವೆ. ಅದಕ್ಕಿಂತ ಬೇಗ ಗೊತ್ತಾಗುವ ತೊಂದರೆ ಬೇರೆ: ಸಿಂಕ್ರೋ ರಿಂಗ್ ಕೆಲಸ ಮಾಡುವುದೇ ತಿಕ್ಕಾಟದಿಂದ. ಆಯಿಲ್ ಅತಿಯಾಗಿ ಜಾರಿದರೆ ರಿಂಗ್ ಗೇರನ್ನು ಹಿಡಿಯುವುದಿಲ್ಲ, ಕರ್ ಅನ್ನುತ್ತದೆ. ಗಾಡಿ ಕೊಂಡಾಗಿನಿಂದ ಗೇರ್ ಕರ್ ಅನ್ನುತ್ತಿದ್ದರೆ, ಇಳಿಸಿದ ಆಯಿಲ್ ಶುಭ್ರವಾಗಿದ್ದರೆ, ಸರಿಯಾದ ದರ್ಜೆಯದ್ದು ತುಂಬಿ ಸಾವಿರ ಕಿಲೋಮೀಟರ್ ಓಡಿಸಿ ನೋಡಿ. ಬಾಕ್ಸ್ ಇಳಿಸುವ ಮಾತು ಆಮೇಲೆ.

ಟ್ರಾನ್ಸ್‌ಫರ್ ಕೇಸ್ ವಿಷಯದಲ್ಲಿ ಊಹೆ ಬೇಡ. ಚೈನ್ ಇರುವ ಎಷ್ಟೋ ಕೇಸುಗಳಿಗೆ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್) ಬೇಕು, ಬರೀ ಗೇರ್ ಇರುವ ಹಳೆಯವಕ್ಕೆ ಗೇರ್ ಆಯಿಲ್. ಗಾಡಿಯ ಪುಸ್ತಕ ನೋಡಿಯೇ ಹಾಕಿ. ಎಟಿಎಫ್ ಬೇಕಾದ ಕೇಸಿನಿಂದ ಗಂಧಕದ ವಾಸನೆಯ ಕಂದು ಆಯಿಲ್ ಬಂದರೆ ಒಂದೋ ಹಿಂದಿನವರು ತಪ್ಪು ತುಂಬಿದ್ದಾರೆ, ಇಲ್ಲ ಮೇಲೆ ಹೇಳಿದ ನಡುವಿನ ಸೀಲ್ ಹೋಗಿದೆ. ಹಿಂದಿನ ಡಿಫರೆನ್ಷಿಯಲ್ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವಂಥದ್ದು) ಆಗಿದ್ದರೆ ಅದಕ್ಕೆಂದೇ ಇರುವ ಆಯಿಲ್ ಬೇಕು. ಮಾಮೂಲಿಯದ್ದು ಹಾಕಿದರೆ ತಿರುವಿನಲ್ಲಿ ಗಡಗಡ ನಡುಗುತ್ತದೆ. ಅದನ್ನು ನೋಡಿ ಸ್ಟಾರ್ ಗೇರ್ ಹೋಗಿದೆ ಅಂದುಕೊಳ್ಳುವವರಿದ್ದಾರೆ.

ಡಿಸೆಂಬರ್ ಬೆಳಿಗ್ಗೆ ಮೊದಲ ಎರಡು ಮೂರು ಕಿಲೋಮೀಟರ್ ಸೆಕೆಂಡ್ ಗೇರ್ ಬೀಳಲು ಹಟ ಮಾಡಿ, ಆಮೇಲೆ ಸರಾಗವಾದರೆ ಅದು ಗಟ್ಟಿ ಆಯಿಲ್‌ನ ಕೆಲಸ. ಬಿಸಿಯಾದ ಮೇಲೂ ಹಟ ಮಾಡಿದರೆ ಮಾತ್ರ ಚಿಂತೆ. ಮತ್ತೆ, ಗೇರ್ ಆಯಿಲ್‌ನ ಅಂಕಿಯನ್ನು ಎಂಜಿನ್ ಆಯಿಲ್‌ನ ಅಂಕಿಗೆ ಹೋಲಿಸಬೇಡಿ, ಎರಡರ ಅಳತೆಯೇ ಬೇರೆ. 75ಡಬ್ಲ್ಯೂ-90 ಗೇರ್ ಆಯಿಲ್ ಹೆಚ್ಚುಕಡಿಮೆ 10ಡಬ್ಲ್ಯೂ-40 ಎಂಜಿನ್ ಆಯಿಲ್‌ನಷ್ಟೇ ತೆಳ್ಳಗಿರುತ್ತದೆ.

ತುಂಬಿದ ಮೇಲೆ

ಕೈಪಂಪಿನಿಂದ ತುಂಬಿ, ತೂತಿನಿಂದ ಹೊರಗೆ ಜಿನುಗುವಾಗ ನಿಲ್ಲಿಸಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ, ಗಟ್ಟಿ ಆಯಿಲ್ ಮೂಲೆಗೆ ಇಳಿಯಲು ಸಮಯ ತೆಗೆದುಕೊಳ್ಳುತ್ತದೆ. ಬೋಲ್ಟಿಗೆ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಇದ್ದರೆ ಹೊಸದು ಹಾಕಿ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ ಆಗಿದ್ದರೆ ಪಾನಾಕ್ಕೆ ಉದ್ದದ ಪೈಪು ಹಾಕಿ ಬಿಗಿಯಬೇಡಿ, ತೂತಿನ ಮರೆ (ಥ್ರೆಡ್) ಕಿತ್ತು ಬರುತ್ತದೆ.

ಈಗ ಅದೇ ರಸ್ತೆ, ಅದೇ ವೇಗ, ಅದೇ ಹಾಳೆ. ಸದ್ದು ಹೋಗಿದ್ದರೆ ಆಯಿಲ್ ಕಡಿಮೆ ಇತ್ತು ಅಥವಾ ತಪ್ಪು ಇತ್ತು. ಹಾಗೇ ಇದ್ದರೆ ಸವೆದಿರುವುದು ಕಬ್ಬಿಣ, ಇನ್ನೂ ದುಬಾರಿ ಆಯಿಲ್ ಹುಡುಕುವುದು ದಂಡ. ಚೂರು ಕಂಡಿರಲಿಲ್ಲ, ಬರೀ ಪೇಸ್ಟ್ ಜಾಸ್ತಿ ಇತ್ತು ಅಂದರೆ ಸಾವಿರ ಕಿಲೋಮೀಟರ್ ಬಿಟ್ಟು ಡ್ರೈನ್ ಬೋಲ್ಟ್ ಇನ್ನೊಮ್ಮೆ ಬಿಚ್ಚಿ ನೋಡಿ. ವರ್ಷಗಟ್ಟಲೆ ಕೂಡಿದ್ದ ಪೇಸ್ಟ್ ಒರೆಸಿದ ಮೇಲೆ ಇಷ್ಟರಲ್ಲಿ ಮತ್ತೆ ಅಷ್ಟೇ ಬಂದಿದ್ದರೆ ಒಳಗೆ ಸವೆತ ನಡೆಯುತ್ತಲೇ ಇದೆ.

ಕ್ರಾಸ್, ಚಕ್ರದ ಬೇರಿಂಗ್, ಆಕ್ಸಲ್ ಸೀಲ್: ಇವನ್ನು ಒಳ್ಳೆಯ ಸ್ಥಳೀಯ ಮೆಕ್ಯಾನಿಕ್ ಸಲೀಸಾಗಿ ಮಾಡುತ್ತಾರೆ. ಪಿನಿಯನ್ ಮಾತ್ರ ಬೇರೆ ಲೆಕ್ಕ. ಅದರ ನಟ್ಟು ಬಿಗಿದರೆ ಸದ್ದು ಕಡಿಮೆಯಾಗುತ್ತದೆ ಎಂದು ಯಾರಾದರೂ ಅಡಿಗೆ ಹೋದರೆ ಕೈ ಹಿಡಿದು ಹೊರಗೆಳೆಯಿರಿ. ಬಹಳಷ್ಟು ಹೌಸಿಂಗುಗಳಲ್ಲಿ ಆ ನಟ್ಟಿನ ಹಿಂದೆ ಒಂದು ಕ್ರಷ್ ಸ್ಲೀವ್ ಇರುತ್ತದೆ. ಬೇರಿಂಗ್ ಮೇಲೆ ಎಷ್ಟು ಬಿಗಿತ ಇರಬೇಕು ಎಂದು ತೀರ್ಮಾನಿಸುವುದು ಅದೇ. ಜಾಸ್ತಿ ಬಿಗಿದರೆ ಅದು ಇನ್ನಷ್ಟು ನುಗ್ಗಾಗಿ ಬೇರಿಂಗ್ ಕಾದು ಸುಡುತ್ತದೆ, ಸಡಿಲಿಸಿದರೂ ಸ್ಲೀವ್ ಮೊದಲಿನಂತಾಗುವುದಿಲ್ಲ. ಪಿನಿಯನ್ ಸೀಲ್ ಬದಲಾಯಿಸುವಾಗಲೂ ನಟ್ಟು ಎಲ್ಲಿತ್ತು ಎಂದು ಗುರುತು ಹಾಕಿಕೊಂಡೇ ಬಿಚ್ಚಬೇಕು.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ತಯಾರಾಗುತ್ತವೆ. ಒಂದು ಹೋದರೆ ಎರಡೂ ಬದಲಾಯಿಸಬೇಕು. ಗುಜರಿಯಿಂದ ಬರೀ ಪಿನಿಯನ್ ತಂದು ಹಾಕಿದರೆ ಕೂಗು ಇನ್ನೂ ಜೋರಾಗುತ್ತದೆ. ತರುವುದಾದರೆ ಪೂರ್ತಿ ಜೋಡಿ ತನ್ನಿ, ಹಲ್ಲಿನ ಸಂಖ್ಯೆ ಎಣಿಸಿ ತನ್ನಿ. ಫೋರ್ ವೀಲ್ ಗಾಡಿಯಲ್ಲಿ ಹಿಂದಿನ ಅನುಪಾತ ಮುಂದಿನದಕ್ಕೆ ಹೊಂದದಿದ್ದರೆ 4ಎಚ್ ಹಾಕಿದ ದಿನವೇ ಟ್ರಾನ್ಸ್‌ಫರ್ ಕೇಸ್ ಒದ್ದಾಡುತ್ತದೆ.

ಇಳಿಸಿದ ಆಯಿಲ್ ತೋಟದ ಚರಂಡಿಗೋ ಹಳ್ಳಕ್ಕೋ ಹೋಗಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಪರವಾನಗಿ ಇರುವವರಿಗೇ ಕೊಡಿ. ಅದಕ್ಕೆ ಮೊದಲು ನಾಲ್ಕೂ ಡಬ್ಬದಿಂದ ಒಂದೊಂದು ಸಣ್ಣ ಬಾಟಲಿ ತೆಗೆದು, ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು ಎಂದು ಚೀಟಿ ಅಂಟಿಸಿ ಶೆಡ್ಡಿನಲ್ಲಿಡಿ. ಮುಂದಿನ ಸಲ ಇಳಿಸುವಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.